ಬೋರೆ ಮರಕ್ಕೆ ಕಟ್ಟಿದ ಹರಕೆ

"ಆ ಮರ ಮುಟ್ಟಬೇಡಿ ಯಜ್ಞೇಶ್. ಅದು ಹರಕೆಯ ಮರ ಅಲ್ಲ ಮಾರಾಯ್ರೆ."

ಇಷ್ಟು ಹೇಳಿದ ಡ್ರೈವರ್ ಇಬ್ರಾಹಿಂ ಬ್ಯಾರಿ ಪಿಕಪ್ಪಿನಿಂದ ಇಳಿಯಲೇ ಇಲ್ಲ. ದೋಹಾದಾಚೆ ದುಖಾನ್ ಎಂಬ ತೈಲಬಾವಿಗಳ ಊರಿನ ಹೊರಗೆ, ಕೊಳೆತ ಮೊಟ್ಟೆಯಂಥ ಅನಿಲದ ವಾಸನೆ ಸುಳಿಯುವ ಬಯಲಿನಲ್ಲಿ ಅದೊಂದೇ ಬೋರೆ ಮರ. ಕೊಂಬೆ ತುಂಬ ಬಣ್ಣಗೆಟ್ಟ ಬಟ್ಟೆಯ ಗಂಟುಗಳು. ಪ್ರೀತಿಸಿ ಹುಚ್ಚನಾಗಿ ಮರುಭೂಮಿ ಅಲೆದವನೊಬ್ಬನ ಹಳೆಯ ಕತೆಯನ್ನು ಇಬ್ರಾಹಿಂ ಹೇಳಿದ್ದ. ಅವನೂ ಅವನು ಪ್ರೀತಿಸಿದ ಹುಡುಗಿಯೂ ಒಬ್ಬರನ್ನೊಬ್ಬರು ಕಾಣಬಾರದೆಂದು ಹುಡುಗಿಯ ಅಪ್ಪ ಮಾಟಗಾರನಿಂದ ಅವಳ ಮುಸುಕು ಹರಿಯಿಸಿ ಇಲ್ಲಿ ಗಂಟು ಹಾಕಿಸಿದನಂತೆ. ಅಂದಿನಿಂದ ಇಲ್ಲಿ ಗಂಟು ಕಟ್ಟಿದವರಿಗೂ ಪ್ರಿಯರ ಕಣ್ಣಿಗೆ ಬೀಳದ ಅದೇ ಗತಿಯಂತೆ.

ಕೆಲಸಕ್ಕೆ ಹೊಸದಾಗಿ ಸೇರಿದ್ದ ಯಜ್ಞೇಶ್ ನಕ್ಕುಬಿಟ್ಟ. ಮಾಟ ನಂಬದ ಈ ಮಹಾಶಯನಿಗೆ ಹರಕೆಯ ಮೇಲೆ ಮಾತ್ರ ಬಲು ನಂಬಿಕೆ. ಮರದಲ್ಲಿ ಬಟ್ಟೆ ಕಂಡರೆ ತುಳುನಾಡಿನವನ ಕೈ ಸುಮ್ಮನಿದ್ದೀತೇ? ಮದುವೆಯಾದಾಗಿನಿಂದ ಹೆಂಡತಿ ಗ್ರೀಷ್ಮಾಳ ವೀಸಾ ಎಳೆದಾಡುತ್ತಿತ್ತು. ಅವಳು ಬೇಗ ಬರಲಿ ಎಂದು ಕೈಮುಗಿದು ಕರವಸ್ತ್ರ ಕಟ್ಟಿದ.

ವೀಸಾ ಬಂತು. ಗ್ರೀಷ್ಮಾಳೂ ಬಂದಳು.

ದೋಹಾ ವಿಮಾನ ನಿಲ್ದಾಣದಲ್ಲಿ ಅವನು ಮಲ್ಲಿಗೆ ಹಿಡಿದು ನಿಂತಿದ್ದ. ಪರಿಮಳಕ್ಕೆ ಅವಳು ತಿರುಗಿದಳು. ನೇರ ಅವನನ್ನೇ ನೋಡಿದಳು. ದಾಟಿ ಹೋದಳು. ಕೂಗಿದ, ಕೇಳಿಸಲಿಲ್ಲ. ಫೋನು ಮಾಡಿದರೆ ಅವಳಿಗೆ ಕೇಳಿದ್ದು ಮರಳು ಉಜ್ಜುವ ಸದ್ದು ಮಾತ್ರ. ಜೊತೆಗೆ ಬಂದಿದ್ದ ಇಬ್ರಾಹಿಂ ಅವಳನ್ನು ತಡೆದು ಹೇಳಿದ: "ಯಜ್ಞೇಶ್ ನಿಮ್ಮ ಎದುರಿಗೇ ಇದ್ದಾರಲ್ಲ ಅಮ್ಮ."

ಅವಳು ಹೇಗೆ ನಂಬಿಯಾಳು? ಆದರೆ ಕಾಣದ ಬೆರಳುಗಳು ಅವಳ ಕೈ ಹಿಡಿದವು. ಅವಳೇ ತೊಡಿಸಿದ್ದ ಉಂಗುರ ತಗುಲಿತು. ಗ್ರೀಷ್ಮಾ ಅಲ್ಲೇ ಕುಸಿದು ಅತ್ತಳು.

ಯಾರಿಗಾಗಿ ಕಟ್ಟಿದ್ದೋ ಅವರೇ ಗಂಟು ಬಿಚ್ಚಿದರೆ ಮಾಟ ಬಿಡುತ್ತದೆಂದು ಇಬ್ರಾಹಿಂ ಕೇಳಿದ್ದ. ಮೂವರೂ ದುಖಾನಿಗೆ ಧಾವಿಸಿದರು. ಸಂಜೆಗತ್ತಲು. ಗಾಳಿ ಸತ್ತಿತ್ತು. ಆದರೂ ಬಟ್ಟೆಗಳು ಪಟಪಟಿಸುತ್ತಿದ್ದವು. ಮುಳ್ಳು ಗ್ರೀಷ್ಮಾಳ ಕೈ ಗೀರಿತು. ರಕ್ತ ಬಂತು. ಕರವಸ್ತ್ರದ ಗಂಟು ಜಾರದು. ಹಲ್ಲು ಕಚ್ಚಿ ಎಳೆದಳು. ಬಿಚ್ಚಿತು.

ಅವನು ಕಂಡ! ಬೆವೆತ ಮುಖ, ಮದುವೆ ಮರುದಿನ ತೊಟ್ಟಿದ್ದ ಅದೇ ನೀಲಿ ಅಂಗಿ. ಗ್ರೀಷ್ಮಾಳ ಜೀವ ಮರಳಿ ಬಂದಂತಾಯಿತು. ಓಡಿಹೋಗಿ ತಬ್ಬಿದಳು.

ಕಾಣದ ತೋಳುಗಳು ತಬ್ಬಿದ್ದಕ್ಕೆ ಯಜ್ಞೇಶ್ ಬೆಚ್ಚಿ ಹಿಂದೆ ಸರಿದ. ಬಯಲನ್ನೆಲ್ಲ ಹುಡುಕಿ ಇಬ್ರಾಹಿಂನ ಕಡೆ ತಿರುಗಿದ.

"ಗ್ರೀಷ್ಮಾ ಎಲ್ಲಿ? ಈಗ ಇಲ್ಲೇ ಇದ್ದಳಲ್ಲ?"

ಅವಳು ಅವನೆದುರೇ ನಿಂತು ಅವನ ಹೆಸರು ಕೂಗುತ್ತಿದ್ದಳು.