ಅತ್ತೆ ನುಂಗಿದ ಮಾತ್ರೆಗಳು

"ನನ್ನ ಮಗಳ ಮದುವೆ ದಿನವೇ ನನಗೆ ವಿಷ ಹಾಕಿದ್ಯಲ್ಲೇ!"

ಪಾಯಿಖಾನೆಯೊಳಗಿಂದ ಅತ್ತೆ ಇಲುಮಿನಾದಾ ಕಿರುಚಿದಾಗ ಮರಿವಿಕ್‌ಳ ಕೈಯಲ್ಲಿದ್ದ ಹೂಬುಟ್ಟಿ ಜಾರಿಬಿತ್ತು. ಹಿಂದಿನ ರಾತ್ರಿ ಅವಳು ಮಾಡಿದ್ದ ಶ್ಯಾವಿಗೆಯನ್ನು ಮನೆಮಂದಿಯೆಲ್ಲ ತಿಂದಿದ್ದರು. ಹೊಟ್ಟೆ ಕೆಟ್ಟಿದ್ದು ಅತ್ತೆಯೊಬ್ಬಳಿಗೇ. ಆದರೂ ಇಲೋಯ್ಲೊ ಪಟ್ಟಣದ ನೆಂಟರೆಲ್ಲ ಸೊಸೆಯನ್ನೇ ದುರುಗುಟ್ಟಿ ನೋಡಿದರು. ಈ ಮನೆಗೆ ಬಂದಾಗಿನಿಂದ ಹೀಗೇ... ಅನ್ನ ಸೀದರೂ ಅವಳೇ, ಮಳೆ ಸುರಿದರೂ ಅವಳೇ!

"ನಾನಾಯ್, ಉಪ್ಪು ಸಕ್ಕರೆ ನೀರು ಕುಡೀರಿ. ಭೇದಿ ನಿಲ್ಲೋ ಮಾತ್ರೆ ಬೇಕಾದ್ರೆ ಪೊಟ್ಟಣದ ಮೇಲೆ ಬರೆದಷ್ಟೇ ತಗೊಳ್ಳಿ..." ನಾನಾಯ್ ಎಂದರೆ ಅಮ್ಮ; ಮರಿವಿಕ್ ಅತ್ತೆಯನ್ನು ಹಾಗೇ ಕರೆಯುತ್ತಿದ್ದಳು.

"ನನಗೇ ಪಾಠ ಹೇಳ್ತೀಯಾ? ಡಾಕ್ಟರ ಚೀಟಿ ಇಲ್ದೇ ಅಂಗಡೀಲಿ ಕೊಡೋ ಮಾತ್ರೆ, ಅದೇನು ಮಾಡುತ್ತೆ? ಪೆಪ್ಪರಮಿಂಟು!"

ಮದುವೆ ನಡೆಯುವ ಇಗರ್ಜಿಯಲ್ಲಿ ಅತ್ತೆ ಕಲ್ಲಿನಂತೆ ನಿಂತಳು. ಮುಖಕ್ಕೆ ಪೌಡರು, ಗತ್ತು ಬೇರೆ! ಆದರೆ ವರ ಉಂಗುರ ತೊಡಿಸುವ ಹೊತ್ತಿಗೆ ಕಣ್ಣು ಮೇಲಾಗಿ, ಬೀಗರ ತೊಡೆಯ ಮೇಲೆಯೇ ದೊಪ್ಪನೆ ಕುಸಿದಳು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಡಾಕ್ಟರಮ್ಮ ಕೇಳಿದರು: "ಭೇದಿ ನಿಲ್ಲೋ ಮಾತ್ರೆ ಎಷ್ಟು ನುಂಗಿದ್ರಿ?"

"ಒಂದೇ ಒಂದು!"

"ಎದೆ ಬಡಿತ ನೋಡೋ ಯಂತ್ರ ಬೇರೇನೇ ಹೇಳ್ತಿದೆ. ಆ ಮಾತ್ರೆ ಹೆಚ್ಚಾದ್ರೆ ಬಡಿತ ತಪ್ಪುತ್ತೆ, ನಿಂತೇ ಹೋಗಬಹುದು. ನಿಜ ಹೇಳಿ."

"ತಪ್ಪು ಮಾತ್ರೇದಲ್ಲ, ಅವಳ ಶ್ಯಾವಿಗೇದು!"

ಮರಿವಿಕ್ ಮಂಚದ ಪಕ್ಕ ಮಂಡಿಯೂರಿದಳು.

"ಹೌದು ನಾನಾಯ್, ಹಳಸಿದ್ದನ್ನೇ ಬಡಿಸಿದೆ. ಬೇಕಾದ್ರೆ ಊರಿಗೆಲ್ಲ ಸಾರಿಬಿಡಿ, ನಾನೇ ಒಪ್ಕೋತೀನಿ. ಮಾತ್ರೆ ಎಷ್ಟು ಅಂತ ಮಾತ್ರ ಹೇಳಿಬಿಡಿ... ನೀವೇ ಹೋದ್ರೆ ನನ್ನ ಬಯ್ಯೋರು ಯಾರು?"

ಅತ್ತೆ ಮೆಲ್ಲಗೆ ಎರಡು ಬೆರಳು ಎತ್ತಿದಳು.

"ಎರಡು ಹಾಳೆ ಮಾತ್ರೆ... ಪೂರ್ತಿ. ದಾರಿಯುದ್ದಕ್ಕೂ ಬಾಯಿಗೆ ಹಾಕ್ಕೊಂಡೆ. ಪಾದ್ರಿಗಳ ಮುಂದೆ ಮಾನ ಹೋಗಿದ್ರೆ ಏನ್ ಗತಿ?"

ಡಾಕ್ಟರಮ್ಮ ನರ್ಸನ್ನು ಕೂಗುತ್ತ ಓಡಿದರು. ಅತ್ತೆ ಗೋಡೆಯತ್ತ ಹೊರಳಿ ಗೊಣಗಿದಳು: "ಶ್ಯಾವಿಗೆ ಚೆನ್ನಾಗೇ ಇತ್ತು. ನಿನ್ನೆ ಸಂಜೆ ಸಂತೇಲಿ ಗುಟ್ಟಾಗಿ ಸಮುದ್ರದ ಹಸೀ ಚಿಪ್ಪಿಕಲ್ಲು ಮಾಂಸ ತಿಂದಿದ್ದೆ... ಒಂದು ಬುಟ್ಟಿ."

"ಅಯ್ಯೋ, ನಾನಾಯ್!" ಬಾಗಿಲಲ್ಲಿ ನಿಂತಿದ್ದ ಮದುಮಗಳು ಅಳುತ್ತಲೇ ನಕ್ಕಳು. ನೆಂಟರು ತಲೆ ತಗ್ಗಿಸಿದರು.

ಎದೆಗೆ ವಯರು ಅಂಟಿಸಿಕೊಂಡು ಅತ್ತೆ ಕೆಲವು ದಿನ ಮಲಗಬೇಕಾಯಿತು. ಬಡಿತ ಸರಿಹೋದ ಮೇಲೆ ಗಂಜಿಗೆ ಅಪ್ಪಣೆ ಸಿಕ್ಕಿತು. ಆಸ್ಪತ್ರೆಯ ಗಂಜಿಯನ್ನು ಅವಳು ಪಕ್ಕಕ್ಕೆ ತಳ್ಳಿದಳು.

"ಮಗಳೇ, ನೀನೇ ಮಾಡ್ಕೊಂಡು ಬಾರೇ."

ಮಗಳೇ! ಮರಿವಿಕ್‌ಳ ಕಣ್ಣು ತುಂಬಿ ಬಂತು.

"ಅಳ್ಕೊಂಡು ನಿಲ್ಬೇಡ. ಶುಂಠಿ ಜಾಸ್ತಿ ಹಾಕಿ ಕೆಡಿಸ್ಬೇಡ!"

ಮರಿವಿಕ್ ಬೇಕೆಂದೇ ಶುಂಠಿ ಜಾಸ್ತಿ ಹಾಕಿದಳು. ಅತ್ತೆ ಬಯ್ಯುತ್ತ ಬಯ್ಯುತ್ತ ಬಟ್ಟಲು ಖಾಲಿ ಮಾಡಿದಳು.