ಕೈ ನಡುಗದ ಎರಡು ತಿಂಗಳು

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಣ್ಣುಮಗಳು ಕೂರಲೂ ಒಪ್ಪದೆ ದೂರು ಹೇಳಿದಳು. ಗಂಡ ತೀರಿಕೊಂಡು ಎಂಟು ದಿನ. ಹೋದ ವರ್ಷ ಅವನಿಗೆ ಅವನ ತಾಯಿಯದೇ ಕಿಡ್ನಿ ಕಸಿ ಮಾಡಿದ್ದರು. ದೇಹ ಅದನ್ನು ಹೊರಗಿನದೆಂದು ಕೊಲ್ಲದಂತೆ ದಿನಾ ಎರಡು ಹೊತ್ತು ಕ್ಯಾಪ್ಸೂಲ್ ನುಂಗಬೇಕು. ನುಂಗುತ್ತಲೇ ಇದ್ದ, ಆದರೆ ಕೊನೆಗೆ ರಕ್ತದಲ್ಲಿ ಆ ಔಷಧಿಯ ಸುಳಿವೇ ಇರಲಿಲ್ಲ. ಮೆಡಿಕಲ್ ಶಾಪಿನವನು ನಕಲಿ ಮಾಲು ಕೊಟ್ಟಿದ್ದಾನೆ ಎಂದು ಅವಳ ಆರೋಪ.

ಎಫ್‌ಐಆರ್ ಆಯಿತು. ಅಂಗಡಿಯವನನ್ನು ಇನ್‌ಸ್ಪೆಕ್ಟರ್ ಸಂಜೆಯವರೆಗೆ ಕೂರಿಸಿ ಅರೆದರು. ಅವನೋ ಮಕ್ಕಳ ಮೇಲೆ ಆಣೆ ಇಡುತ್ತಾ ಕೂತ. ಈ ಆಸಾಮಿ ಕಂಬಿ ಎಣಿಸುವುದು ಖಂಡಿತ ಎಂದೇ ಇನ್‌ಸ್ಪೆಕ್ಟರ್ ನಂಬಿದ್ದರು. ಮನೆಯಲ್ಲಿ ಉಳಿದಿದ್ದ ಸ್ಟ್ರಿಪ್‌ಗಳನ್ನು ಪಂಚನಾಮೆ ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರೆ, ಕೆಲವು ವಾರಗಳ ಮೇಲೆ ಅಸಲಿ ಎಂದು ವರದಿ ಬಂತು. ಗುಡ್ಡ ಅಗೆದೆವು, ಇಲಿಯೂ ಸಿಗಲಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ.

ಸ್ಟ್ರಿಪ್‌ನಲ್ಲಿದ್ದದ್ದು ಅಸಲಿ, ಹೊಟ್ಟೆಗೆ ಮಾತ್ರ ಹೋಗಿಲ್ಲ. ಹಾಗಾದರೆ ನಡುವೆ ಇದ್ದದ್ದು ಯಾರ ಕೈ? ಇನ್‌ಸ್ಪೆಕ್ಟರ್ ಮತ್ತೆ ಆ ಮನೆಗೆ ಹೋದರು. ಔಷಧಿಯ ದೆಸೆಯಿಂದಲೇ ತೀರಿಕೊಂಡವನ ಕೈ ಒಂದೇ ಸಮ ನಡುಗುತ್ತಿತ್ತಂತೆ. ಹೆಂಡತಿ ಕೆಲಸಕ್ಕೆ ಹೋಗುವವಳು. ಎರಡು ಹೊತ್ತೂ ಸ್ಟ್ರಿಪ್ ಬಿಡಿಸಿ, ಬಟ್ಟಲಿಗೆ ಹಾಕಿ ಕೊಡುತ್ತಿದ್ದವರು ತಾಯಿ.

"ಅಮ್ಮಾ, ಬಿಡಿಸಿದ ಕ್ಯಾಪ್ಸೂಲ್ ಎಲ್ಲಿ ಹೋಯ್ತು?"

ಆಕೆ ಮುಚ್ಚಿಡಲಿಲ್ಲ. ಬಾಲ್ಕನಿಯ ಹೂಕುಂಡ ತೋರಿಸಿದರು.

"ಮಣ್ಣಿನ ಬೂಷ್ಟಿಂದ ಮಾಡಿದ್ದು ಅಂತ ಡಾಕ್ಟ್ರೇ ಹೇಳಿದ್ರು. ಮಣ್ಣಿಗೇ ಹಾಕ್ದೆ."

"ಮಗನಿಗೆ ಏನು ಕೊಟ್ರಿ?"

"ಶಕ್ತಿಗೆ ಅಂತ ವಿಟಮಿನ್. ನೋಡೋಕೆ ಹಾಗೇ ಇರುತ್ತೆ."

ರೋಗ ತಡೆಯುವ ಶಕ್ತಿಯನ್ನೇ ಕಸಿಯ ಕ್ಯಾಪ್ಸೂಲ್ ಕುಗ್ಗಿಸುತ್ತದೆ ಎಂದು ಡಾಕ್ಟರು ಹೇಳಿದ್ದು ಆಕೆಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಮಗನಿಗೆ ಮೇಲಿಂದ ಮೇಲೆ ಜ್ವರ, ಬಾಯಿತುಂಬ ಹುಣ್ಣು. ಯಾವ ತಾಯಿ ಅಂಥದ್ದನ್ನು ಕೈಯಾರೆ ಕೊಟ್ಟಾಳು? ಬದಲಾಯಿಸಿದ ಮೇಲೆ ನಡುಕ ನಿಂತಿತು. ಒಂದು ಬೆಳಿಗ್ಗೆ ಅವನು ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡು ಬಂದು, ಅಮ್ಮನ ಮುಂದೆ ನಿಂತು ನಕ್ಕ. ಎರಡು ತಿಂಗಳು ಹಾಗೇ ನಡೆಯಿತು. ಆಮೇಲೆ ಮುಖ ಊದಿಕೊಂಡಾಗ ಆಕೆ ಇನ್ನೊಂದು ವಿಟಮಿನ್ ಜಾಸ್ತಿ ಕೊಟ್ಟರು.

ಬಾಗಿಲಲ್ಲಿ ನಿಂತಿದ್ದ ಸೊಸೆ ಹೋಗಿ ಕುಂಡದ ಮಣ್ಣನ್ನು ಕೈಯಲ್ಲೇ ಕೆದಕತೊಡಗಿದಳು. ನಕಲಿ ಮಾರಿದ ಕಳ್ಳನೇ ಸಿಕ್ಕಿದ್ದರೆ ಎಷ್ಟೋ ವಾಸಿಯಿತ್ತು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

ಹೂಕುಂಡದ ಪಂಚನಾಮೆ ಮುಗಿದಾಗ ಮಧ್ಯಾಹ್ನ ಮೂರು. ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದ ಆಕೆ ಜೀಪಿನ ಹತ್ತಿರ ನಿಂತರು.

"ಸಾಹೇಬ್ರೆ, ನನ್ನ ಹತ್ರ ಇನ್ನೊಂದು ಕಿಡ್ನಿ ಇತ್ತಲ್ಲ. ಕೊಟ್ಟಿದ್ದು ಕೆಟ್ಟೋಯ್ತು ಅಂದಾಗ ಅದನ್ನೂ ತಗೊಳ್ಳಿ ಅಂತ ಡಾಕ್ಟ್ರ ಕಾಲು ಹಿಡಿದೆ. ಯಾಕೆ ತಗೊಳ್ಳಲಿಲ್ಲ?"