ಗುದ್ದಲಿ ಮುಟ್ಟದ ಮಣ್ಣು

"ಅಮ್ಮಾ!"

ಕೂಗಿದ್ದು ಯಶ್ವಂತ್. ಮಾರೇನಹಳ್ಳಿಯ ಗರಡಿಮನೆಯ ಕೆಮ್ಮಣ್ಣಿನಲ್ಲಿ ಅವನು ಕಾಲು ಹಿಡಿದುಕೊಂಡು ಕುಸಿದಿದ್ದ. ಅಂಗಾಲಿನಿಂದ ರಕ್ತ ಬಳಬಳ ಸುರಿಯುತ್ತಿತ್ತು. ಬಿಂದುಶ್ರೀ ಕ್ಯಾಮೆರಾ ಪಕ್ಕಕ್ಕಿಟ್ಟು ಓಡಿದಳು. ಮಣ್ಣಿನೊಳಗೆ ಹಸಿರು ಗಾಜಿನ ಚೂರು. ಒಂದಲ್ಲ, ಕೆದಕಿದಷ್ಟೂ ಸಿಕ್ಕವು.

ಬಿಂದುಶ್ರೀ ಪತ್ರಿಕೆಯೊಂದರ ಕ್ರೀಡಾ ವರದಿಗಾರ್ತಿ. ಬರೆಯುವುದು ಕ್ರಿಕೆಟ್. ಕುಸ್ತಿ ಅವಳ ಕೊರಳಿಗೆ ಬಿದ್ದದ್ದು ಸಹೋದ್ಯೋಗಿ ರಜೆ ಹಾಕಿದ್ದರಿಂದ. ಮರುದಿನ ನಗರದಂಚಿನ ಉಲ್ಲಾಳದ ಹತ್ತಿರದ ಕ್ಯಾಂಪಸ್ಸಿನಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕುಸ್ತಿ ಚಾಂಪಿಯನ್‌ಷಿಪ್ ಶುರು. ಅದಕ್ಕೊಂದು ಮುನ್ನೋಟ ಬರೆಯಬೇಕಿತ್ತು. ಚಿನ್ನ ಗೆಲ್ಲುವ ಹುಡುಗ ಎಂದು ಎಲ್ಲರ ಬಾಯಲ್ಲೂ ಇದ್ದವನು ಯಶ್ವಂತ್. ಬೆಳಿಗ್ಗೆ ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಅವನನ್ನು ಮಾತಾಡಿಸಿ, ಖಾರಾಬಾತ್ ಕಾಫಿ ಮುಗಿಸಿ, ಫೋಟೋ ತೆಗೆಯಲು ಇಲ್ಲಿಗೆ ಬಂದಿದ್ದಳು. ಅರ್ಧ ಲೇಖನ ಆಗಲೇ ಫೋನಿನಲ್ಲಿತ್ತು. ಇದೇನು ಮಹಾ ಕೆಲಸ ಅಂದುಕೊಂಡಿದ್ದಳು.

ಆಗಷ್ಟೇ ಗೇಟು ದಾಟಿ ಬರುತ್ತಿದ್ದ ಉಸ್ತಾದ್ ಗುರುಬಸಪ್ಪನವರು ಚಪ್ಪಲಿ ಎಸೆದು ಒಳಗೆ ನುಗ್ಗಿದರು. ಟವೆಲ್ಲಿನಿಂದ ಶಿಷ್ಯನ ಕಾಲು ಕಟ್ಟಿದರು. ಒಂದು ಚೂರು ಎತ್ತಿ ಮೂಸಿದರು.

"ಇದು ಮಹೇಶನ ಎಣ್ಣೆ ಬಾಟ್ಲಿ ಗಾಜು ಅಲ್ವೇನೋ?"

ಯಶ್ವಂತ್ ಕಣ್ಣು ಮುಚ್ಚಿಕೊಂಡ.

* * *

ಮಹೇಶ್ ಅದೇ ಗರಡಿಯವನು. ಅದೇ ಅರವತ್ತೈದು ಕೆಜಿ ವಿಭಾಗ. ವಿಶ್ವವಿದ್ಯಾಲಯದ ಆಯ್ಕೆಯಲ್ಲಿ ಯಶ್ವಂತನಿಗೆ ಕೂದಲೆಳೆಯಲ್ಲಿ ಸೋತು ಮೀಸಲು ಪೈಲ್ವಾನನಾಗಿದ್ದ. ಯಶ್ವಂತ್ ಬಿದ್ದರೆ ಕಣಕ್ಕೆ ಇಳಿಯುವವನು ಅವನೇ. ಕೊನೇ ವರ್ಷದ ಡಿಗ್ರಿ. ಮತ್ತೆ ಅವಕಾಶವಿಲ್ಲ.

ಇನ್ನೇನು ಬೇಕು? ಯಶ್ವಂತನ ಮನೆಯವರ ದೂರಿಗೆ ಬಂದ ಸಬ್ ಇನ್‌ಸ್ಪೆಕ್ಟರ್ ರುದ್ರೇಶ ಅವನನ್ನು ಜೀಪಿಗೆ ಹತ್ತಿಸಿದರು. ಬಿಂದುಶ್ರೀ ಸ್ಕೂಟರಿನಲ್ಲಿ ಹಿಂದೆಯೇ ಹೋದಳು.

ಠಾಣೆಯಲ್ಲಿ ಮಹೇಶ್ ಬೆಂಚಿನ ತುದಿಯಲ್ಲಿ ಕೂತಿದ್ದ. ತುಟಿ ಒಣಗಿ ಒಡೆದು ಬಿಳಿಚಿತ್ತು.

"ಬಾಟ್ಲಿ ನಂದೇ ಸಾರ್. ಕಿಟಕೀಲಿ ಇಟ್ಟಿದ್ದೆ. ಒಡೆದಿದ್ದು ನಾನಲ್ಲ."

"ಗರಡಿ ಬೀಗದ ಕೈ ಎಲ್ಲಿರತ್ತೆ ಅಂತ ಗೊತ್ತು ತಾನೇ?"

"ಎಲ್ರಿಗೂ ಗೊತ್ತು ಸಾರ್. ಬಾಗ್ಲು ಮೇಲಿನ ಗೂಡಲ್ಲಿ."

ರುದ್ರೇಶ ಟೀ ತರಿಸಿದರು. ಮಹೇಶ್ ಬೇಡವೆಂದ. ನೀರು ಕೊಟ್ಟರು. ಅದೂ ಬೇಡವೆಂದ.

"ನಾಳೆ ಪಂದ್ಯಕ್ಕೆ ಮುಂಚೆ ತೂಕ ನೋಡ್ತಾರೆ ಸಾರ್. ಅರವತ್ತೈದು ದಾಟಬಾರ್ದು."

ರುದ್ರೇಶರ ಹುಬ್ಬು ಮೇಲಕ್ಕೇರಿತು. ಹೊರಗೆ ಬಂದು ಬಿಂದುಶ್ರೀಗೆ ಮೆಲ್ಲಗೆ ಹೇಳಿದರು: "ನೋಡಿದ್ರಾ ಮೇಡಂ? ಆಡೋನು ಯಶ್ವಂತ್. ಇವ್ನು ಯಾಕೆ ಉಪವಾಸ ಇರ್ಬೇಕು? ತಾನೇ ಕಣಕ್ಕೆ ಇಳೀತೀನಿ ಅಂತ ಮೊದ್ಲೇ ಗೊತ್ತಿತ್ತು, ಅದಕ್ಕೇ ತಾನೇ?"

ಆಹಾ, ಎಂಥ ಸಾಲು! ಬಿಂದುಶ್ರೀಯ ಕೈ ತುರಿಸಿತು. ಠಾಣೆಯ ಮೆಟ್ಟಿಲ ಮೇಲೆ ಕೂತೇ ಟೈಪ್ ಮಾಡಿದಳು: 'ಮೀಸಲು ಪೈಲ್ವಾನನ ನಿಗೂಢ ಉಪವಾಸ'. ಕೆಳಗೆ ಮಹೇಶನ ಹೆಸರು, ಫೋಟೋ. ಸುದ್ದಿ ವೆಬ್‌ಸೈಟಿಗೆ ಹೋಯಿತು, ಅಲ್ಲಿಂದ ಎಲ್ಲರ ಫೋನಿಗೆ. ಊಟದ ಹೊತ್ತಿಗೆ ವಿಶ್ವವಿದ್ಯಾಲಯ ಅವನನ್ನು ತಂಡದಿಂದ ಕೈಬಿಟ್ಟಿತು. ಸಂಪಾದಕರು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದರು. ಅವಳಿಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ.

* * *

ಮಧ್ಯಾಹ್ನ ಮೂರರ ಹೊತ್ತಿಗೆ ಮುನ್ನೋಟ ಮುಗಿಸಲು ಮತ್ತೆ ಗರಡಿಗೆ ಬಂದಳು. ಗುರುಬಸಪ್ಪನವರು ಹನುಮಂತನ ಗೂಡಿನ ಕೆಳಗೆ ಒಬ್ಬರೇ ಕೂತಿದ್ದರು.

"ಯಶ್ವಂತನ ಬದಲು ಯಾರು ಉಸ್ತಾದ್?"

"ಯಾರಿದಾರೆ? ಸಂಜೆ ಆರಕ್ಕೆ ಮ್ಯಾನೇಜರ್‌ಗಳ ಸಭೆ. ಅಷ್ಟರಲ್ಲಿ ಹೆಸ್ರು ಕೊಡ್ದಿದ್ರೆ ನಮ್ಮ ಜಾಗ ಖಾಲಿ."

"ಪಾಪ ಅನ್ಸತ್ತೆ. ಆದ್ರೆ ಮಹೇಶ್ ಉಪವಾಸ ಮಾಡಿ ಸಿಕ್ಕಿಹಾಕ್ಕೊಂಡ."

ಮುದುಕರು ಅವಳನ್ನೇ ದಿಟ್ಟಿಸಿದರು.

"ಅದನ್ನ ಬರೆದೋರು ನೀವೇನಾ? ಏನಮ್ಮಾ ನೀವು! ಮೀಸಲು ಹುಡುಗನೂ ತೂಕ ಇಳಿಸ್ಕೊಂಡು ಕಾಯ್ಬೇಕು. ಆಡೋನಿಗೆ ಜ್ವರ ಬಂದ್ರೆ? ಅದು ಗರಡಿ ನೇಮ. ತೂಕದ ಹಿಂದಿನ ದಿನ ಇವರು ಉಗುಳೂ ನುಂಗಲ್ಲ. ಯಶ್ವಂತನೂ ಅಷ್ಟೇ, ಬೆಳಿಗ್ಗೆ ಒಂದು ಹನಿ ನೀರು ಮುಟ್ಟಿರಲ್ಲ."

ಬಿಂದುಶ್ರೀ ತಟ್ಟನೆ ಫೋನು ತೆರೆದಳು. ಬೆಳಿಗ್ಗೆ ತಾನೇ ಬರೆದ ಸಾಲು ಕಣ್ಣಿಗೆ ಹೊಡೆಯಿತು: 'ಖಾರಾಬಾತ್ ಮೇಲೆ ಖಾರಾಬಾತ್ ತರಿಸಿ ತಿನ್ನುವ ಯಶ್ವಂತನಿಗೆ ನಾಳೆಯ ಚಿಂತೆಯೇ ಇದ್ದಂತಿಲ್ಲ.'

"ಉಸ್ತಾದ್... ಅವನು ನನ್ನ ಜತೆ ತಿಂಡಿ ತಿಂದ. ಎರಡು ಲೋಟ ನೀರು ಕುಡಿದ. ಗಾಜು ಚುಚ್ಚೋಕೆ ಮುಂಚೆ."

ಗುರುಬಸಪ್ಪನವರು ಅವಳ ಕೈಯಿಂದ ಕ್ಯಾಮೆರಾ ಇಸಿದುಕೊಂಡು ಬೆಳಗಿನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಯಶ್ವಂತ್ ಮಣ್ಣಿಗಿಳಿಯುವ ಚಿತ್ರದಲ್ಲಿ ಅವರ ಬೆರಳು ನಿಂತಿತು. ಮೂಲೆಯಲ್ಲಿ ಗುದ್ದಲಿ ಗೋಡೆಗೊರಗಿತ್ತು. ಅದರ ಅಲಗು ಒಣಗಿ ಸ್ವಚ್ಛವಾಗಿತ್ತು. ಮಣ್ಣು ಹಿಂದಿನ ಸಂಜೆ ಮಟ್ಟ ಮಾಡಿದ ಹಾಗೇ ಇತ್ತು.

"ಗುದ್ದಲಿ ಹಾಕ್ಲಿಲ್ವಾ ಅವ್ನು?"

"ಇಲ್ಲ. ಮೊದ್ಲು ಫೋಟೋ ತೆಗೀರಿ ಮೇಡಂ ಅಂದ."

ಮುದುಕರ ಮುಖ ಕಪ್ಪಿಟ್ಟಿತು. ಗರಡಿಯ ಇನ್ನೊಂದು ನೇಮವನ್ನು ಅವಳಿಗೆ ಹೇಳಿದರು.

* * *

ಯಶ್ವಂತನ ಮನೆ ಎರಡು ಬೀದಿ ಆಚೆ. ಬೀದಿಯುದ್ದಕ್ಕೂ ಅವನ ತಾತ ಮುನಿಯಪ್ಪನವರು ಕಟ್ಟಿಸಿದ ಫ್ಲೆಕ್ಸುಗಳು. ಗದೆ ಹೊತ್ತ ಯಶ್ವಂತ್, ಕೆಳಗೆ 'ನಮ್ಮೂರ ಚಿನ್ನ'. ಬಿಂದುಶ್ರೀಯ ಜತೆ ಗುರುಬಸಪ್ಪನವರು ಹೋದರು; ಅವಳು ಕರೆದಿದ್ದರಿಂದ ರುದ್ರೇಶರೂ ಬಂದರು. ಯಶ್ವಂತ್ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. ಮುನಿಯಪ್ಪನವರು ಪಕ್ಕದಲ್ಲಿ ಎಳನೀರು ಹಿಡಿದು ಕೂತಿದ್ದರು.

"ಏನ್ ಮೇಡಂ, ಅವ್ನು ಒಪ್ಕೊಂಡ್ನಾ?" ಎಂದರು.

"ಅವನಲ್ಲ ಸಾರ್," ಎಂದಳು ಬಿಂದುಶ್ರೀ. "ಗರಡೀಲಿ ದಿನಾ ಬೆಳಿಗ್ಗೆ ಮೊದಲು ಗುದ್ದಲೀಲಿ ಮಣ್ಣು ಮಗುಚ್ತಾರೆ. ಆಮೇಲೇ ಕಾಲಿಡೋದು. ಗಾಜು ಹೂತ್ರೆ ಮೊದಲ ಏಟಿಗೇ ಮೇಲೆ ಬರತ್ತೆ. ಅದು ಮಹೇಶನಿಗೆ ಗೊತ್ತಿರ್ಲಿಲ್ವಾ? ಗರಡಿಯವರು ಯಾರೂ ಅಲ್ಲಿ ಗಾಜು ಹೂತು ಇನ್ನೊಬ್ಬನ ಕಾಲಿಗೆ ಚುಚ್ಚತ್ತೆ ಅಂತ ಕಾಯಲ್ಲ. ಇವತ್ತು ಗುದ್ದಲಿ ಹಾಕಲ್ಲ ಅಂತ ಗೊತ್ತಿದ್ದೋನು ಒಬ್ಬನೇ. ಹಾಕದೇ ಇದ್ದೋನು."

ಮುನಿಯಪ್ಪನವರು ಎಳನೀರು ಕೆಳಗಿಟ್ಟು ಮೊಮ್ಮಗನ ಕಡೆ ತಿರುಗಿದರು.

"ಇನ್ನೊಂದು. ನಾಳೆ ತೂಕಕ್ಕೆ ನಿಲ್ಲೋನು ಇವತ್ತು ಹೊಟ್ಟೆ ತುಂಬ ತಿನ್ನಲ್ಲ. ನೀನು ತಿಂದೆ ಯಶ್ವಂತ್. ಮಣ್ಣಿಗಿಳಿಯೋಕೆ ಮುಂಚೇನೇ, ನಾಳೆ ನಿಲ್ಲಲ್ಲ ಅಂತ ನಿಂಗೆ ಗೊತ್ತಿತ್ತು."

ಯಶ್ವಂತ್ ಗೋಡೆಯ ಕಡೆ ತಿರುಗಿದ.

"ಹಸಿವಾಗಿತ್ತು ಮೇಡಂ," ಎಂದ. "ವಾರದಿಂದ ಸರಿಯಾಗಿ ತಿಂದಿರ್ಲಿಲ್ಲ. ಬೆವರಿಳಿಸೋ ಪ್ಲಾಸ್ಟಿಕ್ ಸೂಟ್ ಹಾಕ್ಕೊಂಡು ಓಡ್ದೆ. ತೂಕ ಇಳೀಲೇ ಇಲ್ಲ. ಬೀದಿ ತುಂಬ ಈ ಫ್ಲೆಕ್ಸು. ತೂಕದಲ್ಲೇ ಫೇಲಾಗಿ ವಾಪಸ್ ಬಂದ್ರೆ ಹೆಂಗೆ ಮುಖ ತೋರ್ಸ್ಲಿ? ಏಟಾಯ್ತು ಅಂದ್ರೆ ಮರ್ಯಾದೆ ಉಳಿಯತ್ತೆ ಅಂತ... ನಿನ್ನೆ ಎಲ್ರೂ ಹೋದ್ಮೇಲೆ ಕೈಗೆ ಸಿಕ್ಕ ಬಾಟ್ಲಿ ಒಡೆದೆ. ಯಾರ್ದು ಅಂತ ನೋಡ್ಲಿಲ್ಲ."

"ಸಾಕ್ಷಿಗೆ ಇರ್ಲಿ ಅಂತ ನನ್ನ ಗರಡಿಗೆ ಕರ್ಕೊಂಡು ಹೋದ್ಯಾ?"

ಅವನು ಹೌದೆಂದು ತಲೆಯಾಡಿಸಿದ. "ನಾನು ಬಿದ್ರೆ ಮಹೇಶಾದ್ರೂ ಆಡ್ತಾನಲ್ಲ ಅಂದ್ಕೊಂಡೆ."

"ಅದು ಈಗ ಹೊಳೆದಿದ್ದು ಕಣೋ," ಗುರುಬಸಪ್ಪನವರ ದನಿ ಒಡೆಯಿತು. "ಅವ್ನನ್ನ ಜೀಪಿಗೆ ಹತ್ತಿಸಿದ್ರಲ್ಲ, ಆಗ ಯಾಕೆ ಬಾಯಿ ಬಿಡ್ಲಿಲ್ಲ?"

ಯಶ್ವಂತ್ ದಿಂಬಿಗೆ ಮುಖ ಒತ್ತಿಕೊಂಡು ಅತ್ತ. ಅಷ್ಟು ದೊಡ್ಡ ಹುಡುಗ ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಲಾಗದೆ ರುದ್ರೇಶ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. "ನಾನೂ ಅವಸರ ಬಿದ್ದೆ," ಎಂದು ಗೊಣಗಿ ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿದರು.

ಮುನಿಯಪ್ಪನವರು ಎದ್ದು ಹೊರಗೆ ಹೋದರು. ಬಾಗಿಲೆದುರಿನ ಫ್ಲೆಕ್ಸಿನ ಹಗ್ಗ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು.

ಬಿಂದುಶ್ರೀಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಯಶ್ವಂತ್ ಬಾಯಿ ಮುಚ್ಚಿಕೊಂಡಿದ್ದ, ನಿಜ. ಆದರೆ ಮಹೇಶನನ್ನು ಊರೆಲ್ಲ ಕಳ್ಳನ ಹಾಗೆ ನೋಡುವಂತೆ ಬರೆದವಳು ಅವಳು. ತಿಂದವನನ್ನು ಎದುರಿಗೇ ನೋಡಿ ಹೊಗಳಿದ್ದಳು, ಉಪವಾಸ ಇದ್ದವನನ್ನು ಹರಾಜು ಹಾಕಿದ್ದಳು. ಗರಡಿಯ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆರು ಗಂಟೆಯ ಸಭೆಗೆ ಮಹೇಶನ ಹೆಸರು ತಲುಪಿತು. ಅವಳು ಮುನ್ನೋಟವನ್ನು ಮೊದಲಿಂದ ಬರೆದಳು. ಯಾರು ಗೆಲ್ಲುತ್ತಾರೆಂದು ಬರೆಯಲಿಲ್ಲ. ತಾನು ಮಾಡಿದ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದು ಕ್ಷಮೆ ಕೇಳಿದಳು.

* * *

ಬೆಳಿಗ್ಗೆ ಕ್ಯಾಂಪಸ್ಸಿನ ಸಭಾಂಗಣದಲ್ಲಿ ಹರಿಯಾಣದ, ಮಹಾರಾಷ್ಟ್ರದ, ಪಂಜಾಬದ ಹುಡುಗರು ಒಣಗಿದ ತುಟಿಗಳಲ್ಲಿ ಸಾಲಾಗಿ ನಿಂತಿದ್ದರು. ಮಹೇಶನ ಸರದಿ ಬಂತು. ಅವನು ಯಂತ್ರದ ಮೇಲೆ ನಿಂತ. ಅಧಿಕಾರಿ ಅಂಕಿ ನೋಡಿ "ಓಕೆ" ಎಂದರು. ಗುರುಬಸಪ್ಪನವರು ನೀರಿನ ಬಾಟಲಿ ಕೊಟ್ಟರು. ಅವನು ಕಣ್ಣು ಮುಚ್ಚಿ ಗಟಗಟ ಕುಡಿದ.

ಬಿಂದುಶ್ರೀ ಪತ್ರಿಕೆ ಮಡಿಸಿ ಹಿಡಿದುಕೊಂಡು ಹತ್ತಿರ ಹೋದಳು.

"ತಪ್ಪಾಯ್ತು ಮಹೇಶ್. ನಿನ್ನೆಯ ಸುದ್ದಿ ತೆಗೆಸಿದ್ದೀನಿ. ಇವತ್ತಿನ ಪೇಪರಲ್ಲಿ ಎಲ್ಲಾ ಸರಿಯಾಗಿ ಬಂದಿದೆ. ಮನೇಲಿ ಅಮ್ಮ ಓದಿದ್ರಾ?"

ಮಹೇಶ್ ಬಾಯಿ ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿನ್ನೇದು ಓದಿದ್ರು ಮೇಡಂ. ಪಕ್ಕದ್ಮನೆ ಆಂಟಿ ಫೋನ್ ತಂದು ತೋರ್ಸಿದ್ರು. ಇವತ್ತಿಂದು ಯಾರೂ ತಂದು ತೋರ್ಸಿಲ್ಲ."

ಗಂಟೆ ಹೊಡೆಯಿತು. ಅವನು ಬ್ಯಾಗು ಹೆಗಲಿಗೇರಿಸಿ ಮ್ಯಾಟಿನ ಕಡೆ ನಡೆದ. ಬಿಂದುಶ್ರೀ ಗುರುಬಸಪ್ಪನವರನ್ನು ಅವನ ಮನೆ ಎಲ್ಲಿದೆಯೆಂದು ಕೇಳಿದಳು. ಆಮೇಲೆ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು, ಪಂದ್ಯ ನೋಡದೆ, ಸ್ಕೂಟರಿನ ಕಡೆ ಹೊರಟಳು.